ಮನೋವೈದ್ಯರ ಹತ್ತಿರ ಹೋಗೋಣ ಅಂದ್ಮೇಲೆ: ಮನೆಯವರಿಗೊಂದು ಮಾರ್ಗದರ್ಶಿ

ಮನೆಯಲ್ಲಿ ಒಬ್ಬರಿಗೆ ಮನಸ್ಸು ಸರಿಯಿಲ್ಲ ಅನ್ನೋದು ಎಲ್ಲರಿಗೂ ಗೊತ್ತಿರುತ್ತದೆ. ಆದರೂ ಆಸ್ಪತ್ರೆಗೆ ಹೋಗುವ ಮಾತು ಯುಗಾದಿ ಕಳೀಲಿ, ಸುಗ್ಗಿ ಮುಗೀಲಿ ಅಂತ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಯಾಕೆ ಅಂತ ಕೇಳಿದರೆ ಮೊದಲು ಬರುವ ಉತ್ತರ ‘ಜನ ಏನಂತಾರೆ’. ಸುಳ್ಳಲ್ಲ ಅದು. ಆದರೆ ಕೂತು ಇನ್ನೂ ಸ್ವಲ್ಪ ಮಾತಾಡಿಸಿದರೆ ಬೇರೆ ಕಾರಣಗಳು ಹೊರಗೆ ಬರುತ್ತವೆ. ಯಾವ ಡಾಕ್ಟರ ಹತ್ತಿರ ಹೋಗಬೇಕೋ ಗೊತ್ತಿಲ್ಲ. ಅವರು ಯಾವ ದಿನ ಸಿಗುತ್ತಾರೋ ಗೊತ್ತಿಲ್ಲ. ಜೊತೆಗೆ ಹೋಗುವವರ ಒಂದು ದಿನದ ಕೂಲಿ ಹೋಗುತ್ತದೆ. ಹೋದರೆ ಅಲ್ಲಿ ಏನು ಹೇಳಬೇಕು? ಅಡ್ಮಿಟ್ ಮಾಡಿಕೊಂಡು ಬಿಡದೇ ಹೋದರೆ?

ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 10.6ರಷ್ಟು ಜನರಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆ ಇತ್ತು. ಯಾವ ಕಾಯಿಲೆ ಅನ್ನೋದರ ಮೇಲೆ, ಶೇ. 70ರಿಂದ 92ರಷ್ಟು ಜನರಿಗೆ ಚಿಕಿತ್ಸೆಯೇ ಸಿಗುತ್ತಿರಲಿಲ್ಲ. ಇಷ್ಟೊಂದು ಜನ ಬರೀ ನಾಚಿಕೆಯಿಂದ ಮನೆಯಲ್ಲಿ ಉಳಿದರು ಅಂತ ನನಗೆ ಅನ್ನಿಸುವುದಿಲ್ಲ. ಸಣ್ಣ ಸಣ್ಣ ತೊಡಕುಗಳೇ ಹೆಚ್ಚು ಜನರನ್ನು ತಡೆಯುತ್ತವೆ. ಇನ್ನೊಂದು ಮಾತು. ಮೊದಲ ಸಲ ಹೇಗೋ ಎಲ್ಲರೂ ಸೇರಿ ಕರೆದುಕೊಂಡು ಹೋಗಿಬಿಡುತ್ತಾರೆ. ಕೈತಪ್ಪುವುದು ಎರಡನೇ ಸಲ. ಹಾಗಾಗಿ ಈ ಲೇಖನದಲ್ಲಿ ಆ ಎರಡನೇ ಸಲದ ಬಗ್ಗೆ ಮಾತು ಜಾಸ್ತಿ ಇದೆ.

ಮೊದಲು ಇದನ್ನು ನೋಡಿ: ಕಾಯಬಾರದ ಹೊತ್ತು

ಸಾಯುವ ಮಾತಾಡುತ್ತಿದ್ದಾರೆ. ಎರಡು ಮೂರು ದಿನದಿಂದ ನಿದ್ದೆ, ಊಟ ಇಲ್ಲದೆ ಓಡಾಡುತ್ತಿದ್ದಾರೆ. ತಮಗೋ ಬೇರೆಯವರಿಗೋ ಏಟು ಮಾಡುವಂತಿದ್ದಾರೆ. ದಿನಾ ಕುಡಿಯುತ್ತಿದ್ದವರು ಇದ್ದಕ್ಕಿದ್ದಂತೆ ಬಿಟ್ಟು, ಕೈ ನಡುಗುತ್ತಾ, ಇಲ್ಲದ್ದನ್ನು ಕಾಣುತ್ತಿದ್ದಾರೆ. ಬಾಣಂತಿ ಮಗುವಿನ ಬಗ್ಗೆ ಅರ್ಥವಾಗದ ವಿಚಿತ್ರ ಮಾತಾಡುತ್ತಿದ್ದಾಳೆ. ಇವುಗಳಲ್ಲಿ ಯಾವುದಿದ್ದರೂ ಮನೋವೈದ್ಯರು ಬರುವ ದಿನಕ್ಕೆ ಕಾಯಬೇಡಿ. ಹತ್ತಿರದ ಆಸ್ಪತ್ರೆಯ ತುರ್ತು ಚಿಕಿತ್ಸೆಗೆ ಹೋಗಿ. ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ‘ಇಲ್ಲಿ ಸೈಕಿಯಾಟ್ರಿಸ್ಟ್ ಇಲ್ಲ’ ಅಂದರೂ ಹಿಂದೆ ಬರಬೇಡಿ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ ಪ್ರಕಾರ ತುರ್ತು ಇದ್ದಾಗ ಯಾವ ನೋಂದಾಯಿತ ವೈದ್ಯರು ಬೇಕಾದರೂ ಮೊದಲ ಚಿಕಿತ್ಸೆ ಕೊಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತುರ್ತು ವಿಭಾಗ ಹಗಲೂ ರಾತ್ರಿ ತೆರೆದಿರುತ್ತದೆ.

ಅನುಮಾನ ಇದ್ದರೆ ನೇರವಾಗಿ ಕೇಳಿ: ‘ಸಾಯಬೇಕು ಅನ್ನಿಸ್ತಿದೆಯಾ?’ ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಕೇಳಿದರಲ್ಲ ಅಂತ ಎಷ್ಟೋ ಜನರಿಗೆ ಎದೆ ಹಗುರವಾಗುತ್ತದೆ. ಹೌದು ಅಂದರೆ ಅವರನ್ನು ಒಬ್ಬರೇ ಬಿಡಬೇಡಿ. ತೋಟಕ್ಕೆ ತಂದಿಟ್ಟ ಔಷಧಿ, ಜಾಸ್ತಿ ಇರುವ ಮಾತ್ರೆ, ಎಲ್ಲವನ್ನೂ ಅವತ್ತೇ ಬೇರೆ ಮನೆಗೆ ಸಾಗಿಸಿ. ಬೀಗ ಹಾಕಿ ಇಡುವುದಕ್ಕಿಂತ ಮನೆಯಲ್ಲಿ ಇಲ್ಲದೇ ಇರುವುದೇ ವಾಸಿ.

ಪೊಲೀಸ್ ಕೇಸ್ ಆಗುತ್ತೆ ಅನ್ನುವ ಹೆದರಿಕೆಯಿಂದ ಆಸ್ಪತ್ರೆಗೆ ತಡವಾಗಿ ಹೋಗುವವರಿದ್ದಾರೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಕಾನೂನು ಭಾವಿಸಬೇಕು, ಅವರ ಆರೈಕೆ ಸರ್ಕಾರದ ಹೊಣೆ ಅಂತ ಅದೇ ಕಾಯ್ದೆಯ 115ನೇ ಕಲಂ ಹೇಳುತ್ತದೆ. ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಬಹುದು, ಅವರು ಬಂದು ಹೇಳಿಕೆ ಬರೆದುಕೊಳ್ಳಲೂಬಹುದು. ಅದಕ್ಕೆ ಗಾಬರಿಯಾಗಿ ಚಿಕಿತ್ಸೆ ತಡಮಾಡಬೇಡಿ.

ಹೆಜ್ಜೆ 1: ಒಂದು ಫೋನ್

14416. ಇದು ಟೆಲಿ ಮಾನಸ್, ಸರ್ಕಾರದ ಉಚಿತ ಸಹಾಯವಾಣಿ. 2022ರ ಅಕ್ಟೋಬರ್ 10ರಂದು ಶುರುವಾಯಿತು. ಹಗಲು ರಾತ್ರಿ ಇರುತ್ತದೆ. ಕನ್ನಡ ಆರಿಸಿಕೊಳ್ಳಬಹುದು. ಈ ಸಂಖ್ಯೆ ಸಿಗದಿದ್ದರೆ 1800-891-4416 ಕೂಡ ಇದೆ.

ಕಾಯಿಲೆ ಇರುವವರೇ ಮಾತಾಡಬೇಕು ಅಂತೇನಿಲ್ಲ. ‘ನನ್ನ ತಮ್ಮ ಮೂರು ತಿಂಗಳಿಂದ ಮನೆಯಿಂದ ಆಚೆ ಬರ್ತಿಲ್ಲ, ಏನು ಮಾಡ್ಲಿ?’ ಅಂತ ನೀವೇ ಕೇಳಬಹುದು. ಮೊದಲು ಕೌನ್ಸೆಲರ್ ಮಾತಾಡುತ್ತಾರೆ. ಅವರಿಗೆ ಬೇಕೆನಿಸಿದರೆ ಮುಂದೆ ತಜ್ಞರಿಗೆ ಕೊಡುತ್ತಾರೆ. ಮುಖ್ಯವಾಗಿ ಇದೊಂದನ್ನು ಕೇಳಿ: ‘ನಮ್ಮ ತಾಲೂಕಿಗೆ ಹತ್ತಿರ ಮನೋವೈದ್ಯರು ಎಲ್ಲಿ, ಯಾವ ದಿನ ಸಿಗ್ತಾರೆ?’ ಸಮಾಧಾನದ ಮಾತಿಗಿಂತ ಈ ಉತ್ತರ ನಿಮ್ಮ ಕೆಲಸಕ್ಕೆ ಹೆಚ್ಚು ಬರುತ್ತದೆ. ಪೆನ್ನು, ಕಾಗದ ಹತ್ತಿರ ಇಟ್ಟುಕೊಂಡೇ ಫೋನ್ ಮಾಡಿ.

ಹೆಜ್ಜೆ 2: ಯಾರ ಹತ್ತಿರ ಅಂತ ತೀರ್ಮಾನಿಸಿ

ಇಲ್ಲಿ ಗೊಂದಲ ಜಾಸ್ತಿ. ಮನೋವೈದ್ಯರು, ಅಂದರೆ ಸೈಕಿಯಾಟ್ರಿಸ್ಟ್, ಎಂಬಿಬಿಎಸ್ ಮುಗಿಸಿ ಆಮೇಲೆ ಈ ವಿಷಯ ಓದಿದವರು. ಮಾತ್ರೆ ಬರೆಯುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಪರೀಕ್ಷೆ ಮಾಡುತ್ತಾರೆ, ಮಾತಿನ ಮೂಲಕ ಚಿಕಿತ್ಸೆ ಕೊಡುತ್ತಾರೆ. ಇವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐನ ನೋಂದಣಿ ಸಂಖ್ಯೆ ಇರಬೇಕು. ಕೇಳಿದರೆ ತಪ್ಪಿಲ್ಲ. ಕೌನ್ಸೆಲರ್ ಅನ್ನುವ ಬೋರ್ಡನ್ನು ಮಾತ್ರ ಯಾರು ಬೇಕಾದರೂ ಹಾಕಿಕೊಳ್ಳಬಹುದು. ಒಳ್ಳೆಯವರೂ ಇದ್ದಾರೆ, ಎರಡು ವಾರದ ಆನ್‌ಲೈನ್ ಕೋರ್ಸ್ ಮಾಡಿದವರೂ ಇದ್ದಾರೆ.

ನಿದ್ದೆ ಕೆಟ್ಟು, ಊಟ ಬಿಟ್ಟು, ಕೆಲಸ ನಿಂತಿದ್ದರೆ, ಇಲ್ಲದ ಧ್ವನಿ ಕೇಳುತ್ತಿದ್ದರೆ ಮೊದಲು ಮನೋವೈದ್ಯರು. ಬೇರೆಯವರ ಹತ್ತಿರ ಕಳಿಸಬೇಕಾದರೆ ಅವರೇ ಕಳಿಸುತ್ತಾರೆ. ತುಂಬಾ ದೂರ ಆಗುತ್ತದೆ ಅನ್ನುವವರು ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಂದಲೇ ಶುರು ಮಾಡಬಹುದು. ಈ ದಾರಿ ಹುಟ್ಟಿದ್ದೇ ನಮ್ಮಲ್ಲಿ. ಎಂಬತ್ತರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯ ಹಳ್ಳಿ ಆಸ್ಪತ್ರೆಗಳ ಡಾಕ್ಟರುಗಳಿಗೆ ತರಬೇತಿ ಕೊಟ್ಟು ನೋಡಿದರು. ಅದೇ ಮಾದರಿಯ ಮೇಲೆ 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು.

ಹೆಜ್ಜೆ 3: ಒಪ್ಪಿಸುವುದು

‘ನಿನಗೆ ಮಾನಸಿಕ ಕಾಯಿಲೆ ಇದೆ, ಬಾ’ ಅಂದರೆ ಯಾರು ತಾನೇ ಬರುತ್ತಾರೆ? ಅವರಿಗೆ ಕಷ್ಟ ಕೊಡುತ್ತಿರುವುದು ಯಾವುದೋ ಅದನ್ನು ಹಿಡಿದು ಮಾತಾಡಿ. ‘ರಾತ್ರಿಯೆಲ್ಲ ಎದ್ದಿರ್ತೀಯ, ನಿದ್ದೆಗೆ ಏನಾದ್ರೂ ಕೇಳ್ಕೊಂಡು ಬರೋಣ.’ ‘ಅಮ್ಮ, ಎದೆ ಡವಡವ ಅನ್ನುತ್ತೆ ಅಂತೀಯಲ್ಲ, ಇಸಿಜಿ ಸರಿ ಇದೆ ಅಂದಿದ್ದಾರೆ, ಈ ಡಾಕ್ಟರನ್ನೂ ಒಂದ್ಸಲ ನೋಡೋಣ.’ ಇದು ಮೋಸ ಅಲ್ಲ. ನಿದ್ದೆ, ಎದೆಬಡಿತ ಎರಡೂ ಅವರು ನೋಡುವ ವಿಷಯಗಳೇ.

ಮೋಸ ಯಾವುದು ಅಂದರೆ, ನೆಂಟರ ಮದುವೆಗೆ ಅಂತ ಹೇಳಿ ಕಾರು ಹತ್ತಿಸಿ ಆಸ್ಪತ್ರೆ ಮುಂದೆ ಇಳಿಸುವುದು. ಊಟದಲ್ಲಿ ಗುಟ್ಟಾಗಿ ಮಾತ್ರೆ ಬೆರೆಸುವುದು. ಒಂದಲ್ಲ ಒಂದು ದಿನ ಗೊತ್ತಾಗಿಯೇ ಆಗುತ್ತದೆ. ಆಮೇಲೆ ನಿಮ್ಮ ಕೈಯ ಅನ್ನವನ್ನೂ ಅವರು ನಂಬುವುದಿಲ್ಲ.

ದೇವಸ್ಥಾನ, ದರ್ಗಾ, ಭೂತದ ಕೋಲ, ಶಾಸ್ತ್ರ ಕೇಳುವುದು ಇವುಗಳ ಜೊತೆ ಜಗಳಕ್ಕೆ ಇಳಿಯಬೇಡಿ. ಮನೆಯ ಹಿರಿಯರಿಗೆ ಅದು ಬೇಕು. ‘ಹರಕೆಯೂ ಇರಲಿ, ಮಂಗಳವಾರ ಆಸ್ಪತ್ರೆಗೂ ಹೋಗಿಬರೋಣ’ ಅನ್ನಿ. ಎರಡೂ ಒಟ್ಟಿಗೆ ನಡೆಯಬಹುದು. ಹೊಡೆಯುವ, ಉಪವಾಸ ಕೆಡವುವ, ಸರಪಳಿ ಹಾಕುವ ಕಡೆ ಮಾತ್ರ ಒಂದು ದಿನವೂ ಬಿಡಬೇಡಿ. ಚಿಕಿತ್ಸೆಯ ಹೆಸರಲ್ಲಿ ಸರಪಳಿ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ಪೂರ್ತಿ ನಿಷೇಧಿಸಿದೆ.

ಮದುವೆ ಮಾಡಿದರೆ ಸರಿಹೋಗುತ್ತೆ ಅನ್ನುವ ದೊಡ್ಡಮ್ಮ ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ಅವರ ಮಾತಿಗೆ ‘ಆಗಲಿ, ಮೊದಲು ಹುಷಾರಾಗಲಿ’ ಅಂತ ಹೇಳಿ ಮುಂದೆ ಸಾಗಿ. ಮದುವೆ ಔಷಧಿ ಅಲ್ಲ. ಇನ್ನೊಂದು ಮನೆಯ ಮಗಳನ್ನೋ ಮಗನನ್ನೋ ಗೊತ್ತಿಲ್ಲದೆ ಇದರೊಳಗೆ ಎಳೆದುತರುವುದು ಅನ್ಯಾಯ ಕೂಡ.

ಏನು ಮಾಡಿದರೂ ಬರುವುದಿಲ್ಲ ಅಂದರೆ ನೀವೊಬ್ಬರೇ ಹೋಗಿ ಡಾಕ್ಟರ ಹತ್ತಿರ ಮಾತಾಡಿ. ನೋಡದೆ ಮಾತ್ರೆ ಬರೆಯಲಿಕ್ಕಿಲ್ಲ. ಆದರೆ ಹೇಗೆ ಮಾತಾಡಬೇಕು, ಯಾವಾಗ ಗಾಬರಿಯಾಗಬೇಕು ಅನ್ನೋದನ್ನು ಹೇಳುತ್ತಾರೆ.

ಹೆಜ್ಜೆ 4: ಎಲ್ಲಿ, ಯಾವ ದಿನ

ಬಹಳ ಜನ ನೇರ ನಿಮ್ಹಾನ್ಸ್‌ಗೆ ಹೋಗುತ್ತಾರೆ. ಬೀದರಿನಿಂದಲೋ ಕಾರವಾರದಿಂದಲೋ ರಾತ್ರಿ ಬಸ್ಸು ಹತ್ತಿ, ಬೆಳಗ್ಗೆ ಹೊಸೂರು ರಸ್ತೆಯಲ್ಲಿ ಇಳಿದು, ಇಡೀ ದಿನ ಅಲ್ಲೇ ಕಳೆದು, ಮತ್ತೆ ರಾತ್ರಿ ಬಸ್ಸು. ಕಾಯಿಲೆ ಜಟಿಲವಾಗಿದ್ದರೆ, ಊರಲ್ಲಿ ತೋರಿಸಿ ಗುಣ ಕಾಣದಿದ್ದರೆ ಖಂಡಿತ ಹೋಗಿ. ಆದರೆ ಖಿನ್ನತೆ, ಆತಂಕ, ನಿದ್ರಾಹೀನತೆಗೆ ಅಷ್ಟು ದೂರ ಬೇಡ. ತಿಂಗಳು ತಿಂಗಳು ಆ ಪ್ರಯಾಣ ಯಾರಿಂದಲೂ ಆಗುವುದಿಲ್ಲ. ಮೂರನೇ ತಿಂಗಳಿಗೆ ಚಿಕಿತ್ಸೆಯೇ ನಿಂತುಹೋಗುತ್ತದೆ. ನಿಮ್ಹಾನ್ಸ್‌ಗೆ ಹೋದವರೂ ‘ಮುಂದಿನ ಸಲ ನಮ್ಮ ಜಿಲ್ಲೆಯಲ್ಲೇ ತೋರಿಸಬಹುದಾ?’ ಅಂತ ಕೇಳಿ, ಬರೆಸಿಕೊಂಡು ಬನ್ನಿ.

ಹತ್ತಿರದ ದಾರಿಗಳು ಇವು. ತಾಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಕ್ಲಿನಿಕ್. ಕರ್ನಾಟಕದಲ್ಲಿ 2014ರಲ್ಲಿ ಇದು ಶುರುವಾದಾಗ ಮಂಗಳವಾರ ಮನೋವೈದ್ಯರು ತಾಲೂಕಿಗೆ ಬರುವ ಏರ್ಪಾಡು ಮಾಡಿದರು. ಅದಕ್ಕೇ ‘ಸೂಪರ್ ಟ್ಯೂಸ್‌ಡೇ’ ಅನ್ನುವ ಹೆಸರೂ ಇದೆ. ನಿಮ್ಮ ತಾಲೂಕಿನ ಸರದಿ ಯಾವ ವಾರ ಅನ್ನೋದನ್ನು ಆಶಾ ಕಾರ್ಯಕರ್ತೆಯ ಹತ್ತಿರ ಕೇಳಿ, ಹಿಂದಿನ ದಿನ ಆಸ್ಪತ್ರೆಗೂ ಫೋನ್ ಮಾಡಿ ಖಚಿತ ಮಾಡಿಕೊಳ್ಳಿ. ಡಾಕ್ಟರು ರಜೆ ಅಂತ ಒಂದು ಸಲ ಹಿಂದೆ ಬಂದರೆ, ಕಷ್ಟಪಟ್ಟು ಒಪ್ಪಿಸಿದವರು ಮತ್ತೆ ಒಪ್ಪುವುದಿಲ್ಲ.

ಜಿಲ್ಲಾಸ್ಪತ್ರೆ, ಸರ್ಕಾರಿ ಮೆಡಿಕಲ್ ಕಾಲೇಜುಗಳಲ್ಲಿ ಮನೋರೋಗ ವಿಭಾಗ ಇರುತ್ತದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಅದರ ಇತಿಹಾಸ 19ನೇ ಶತಮಾನಕ್ಕೆ ಹೋಗುತ್ತದೆ. ಹಳಬರು ಆ ಆಸ್ಪತ್ರೆಯ ಹೆಸರೆತ್ತಿದರೆ ಇವತ್ತಿಗೂ ಮುಖ ಹುಳ್ಳಗೆ ಮಾಡುತ್ತಾರೆ. ಈಗ ಅಲ್ಲಿಗೆ ಬರುವವರಲ್ಲಿ ಬಹುಪಾಲು ಜನ ತೋರಿಸಿಕೊಂಡು, ಮಾತ್ರೆ ತಗೊಂಡು, ಸಂಜೆ ಬಸ್ಸಿಗೆ ಮನೆ ಸೇರುವವರು.

ಊರವರು ನೋಡುತ್ತಾರೆ ಅನ್ನುವ ಸಂಕೋಚ ಇದ್ದರೆ ತಾಲೂಕು ಆಸ್ಪತ್ರೆಯೇ ಒಳ್ಳೆಯದು. ಅದೇ ಹೊರರೋಗಿ ಚೀಟಿಯ ಸಾಲಲ್ಲಿ ನಾಯಿ ಕಚ್ಚಿದವರು, ಜ್ವರದವರು, ಬಿಪಿಯವರು ಎಲ್ಲ ನಿಂತಿರುತ್ತಾರೆ. ನೀವು ಯಾವುದಕ್ಕೆ ಬಂದಿರಿ ಅಂತ ಯಾರಿಗೂ ಗೊತ್ತಾಗುವುದಿಲ್ಲ. ‘ಮನೋರೋಗ’ ಅಂತ ಬೋರ್ಡು ಹಾಕಿದ ಖಾಸಗಿ ಕ್ಲಿನಿಕ್ಕಿನ ಮೆಟ್ಟಿಲು ಹತ್ತುವಾಗ ಆ ಅನುಕೂಲ ಇಲ್ಲ, ಅಲ್ವಾ?

ಬಸ್ ಚಾರ್ಜಿನ ಲೆಕ್ಕವನ್ನೂ ಮೊದಲೇ ಹಾಕಿ. ಕಾಯಿಲೆಯವರೋ ಜೊತೆಗೆ ಹೋಗುವವರೋ ಹೆಂಗಸರಾದರೆ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸು ಉಚಿತ. ಆಧಾರ್ ಕಾರ್ಡ್ ಇಟ್ಟುಕೊಳ್ಳಿ. ಬಿಪಿಎಲ್ ಕಾರ್ಡ್ ಇದ್ದರೆ ಅದೂ ಚೀಲದಲ್ಲಿರಲಿ.

ಹೆಜ್ಜೆ 5: ಒಂದು ಹಾಳೆ ಬರೆದುಕೊಳ್ಳಿ

ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರಿಗೆ ನಿಮ್ಮ ಜೊತೆ ಸಿಗುವುದು ಕೆಲವೇ ನಿಮಿಷ. ಕೂತ ಕೂಡಲೇ ಅಮ್ಮ ಅಳಲು ಶುರು ಮಾಡುತ್ತಾರೆ, ಅಣ್ಣ ಆಸ್ತಿ ಜಗಳದಿಂದ ಕಥೆ ಎತ್ತುತ್ತಾನೆ, ಹೇಳಬೇಕಾದ್ದು ಉಳಿದುಹೋಗುತ್ತದೆ. ಹಿಂದಿನ ರಾತ್ರಿಯೇ ಒಂದು ಹಾಳೆಯಲ್ಲಿ ಬರೆಯಿರಿ. ಹೀಗೆ:

‘ವಯಸ್ಸು 34. ದಸರಾ ಆದಮೇಲೆ ಶುರು. ರಾತ್ರಿ ಎರಡಕ್ಕೆ ಎಚ್ಚರ, ಆಮೇಲೆ ನಿದ್ದೆ ಇಲ್ಲ. ಅಂಗಡಿ ಬಾಗಿಲು ತೆಗೆಯದೆ ತಿಂಗಳಾಯಿತು. ಎರಡು ಚಪಾತಿ ತಿನ್ನುತ್ತಿದ್ದವನು ಅರ್ಧ ತಿಂದು ಏಳುತ್ತಾನೆ. ಎರಡು ಸಲ “ನಾನಿಲ್ದಿದ್ರೆ ನಿಮಗೆಲ್ಲ ಆರಾಮ” ಅಂದಿದ್ದಾನೆ. ಬಿಪಿ ಮಾತ್ರೆ ತಗೋತಾನೆ, ಸ್ಟ್ರಿಪ್ ತಂದಿದ್ದೇವೆ. ವಾರಕ್ಕೆ ಒಂದೆರಡು ಸಲ ಕುಡೀತಾನೆ. ದೊಡ್ಡಪ್ಪನಿಗೂ ಹಿಂದೆ ಹೀಗಾಗಿತ್ತು. ನಾಟಿ ಔಷಧಿ ಒಂದು ತಿಂಗಳು ಕೊಟ್ಟಿದ್ದೇವೆ.’

ಇಷ್ಟು ಸಾಕು. ‘ಒಂಥರಾ ಆಡ್ತಾನೆ’ ಅನ್ನೋದಕ್ಕಿಂತ ‘ಅಂಗಡಿ ತೆಗೆಯದೆ ತಿಂಗಳಾಯಿತು’ ಅನ್ನೋದು ಡಾಕ್ಟರಿಗೆ ಹೆಚ್ಚು ಹೇಳುತ್ತದೆ. ಕುಡಿತ, ನಾಟಿ ಔಷಧಿ ಮುಚ್ಚಿಡಬೇಡಿ. ಬರೆಯುವ ಮಾತ್ರೆ ಅದರ ಜೊತೆ ಹೊಂದದೇ ಹೋಗಬಹುದು. ಬಸುರಿಯಾಗಿದ್ದರೆ, ಮಗುವಿಗೆ ಯೋಚಿಸುತ್ತಿದ್ದರೆ ಅದನ್ನು ಮೊದಲ ಸಾಲಲ್ಲೇ ಬರೆಯಿರಿ, ಕೆಲವು ಮಾತ್ರೆಗಳನ್ನು ಆಗ ಕೊಡುವಂತಿಲ್ಲ.

ಅವರಿಗೆ ಡಾಕ್ಟರ ಹತ್ತಿರ ಒಬ್ಬರೇ ಮಾತಾಡಲು ಐದು ನಿಮಿಷ ಬಿಟ್ಟುಕೊಡಿ. ಗಂಡನ ಎದುರು, ಅತ್ತೆಯ ಎದುರು ಹೇಳಲಾಗದ್ದು ಎಷ್ಟೋ ಇರುತ್ತದೆ. ಅಲ್ಲಿ ಹೇಳಿದ್ದನ್ನು ಗುಟ್ಟಾಗಿ ಇಡುವುದು ಡಾಕ್ಟರ ಕರ್ತವ್ಯ. ಕಾನೂನೂ ಅದನ್ನೇ ಹೇಳುತ್ತದೆ.

ಹೆಜ್ಜೆ 6: ಹೊರಗೆ ಬರುವ ಮೊದಲು ಕೇಳಿ

ಮಾತ್ರೆ ಎಷ್ಟು ದಿನಕ್ಕೆ ಗುಣ ಕೊಡುತ್ತದೆ? ಮೊದಲ ವಾರ ಏನೇನು ತೊಂದರೆ ಆಗಬಹುದು? ಯಾವುದು ಕಂಡರೆ ಕೂಡಲೇ ಬರಬೇಕು? ಮುಂದಿನ ಸಲ ಯಾವಾಗ? ಮಾತ್ರೆ ಇಲ್ಲೇ ಸಿಗುತ್ತಾ, ಹೊರಗೆ ತಗೋಬೇಕಾ? ಹೊರಗೆ ಆದರೆ ಔಷಧಿಯ ಮೂಲ ಹೆಸರು ಬರೆಸಿಕೊಂಡು ಜನೌಷಧಿ ಕೇಂದ್ರದಲ್ಲಿ ಕೇಳಿ. ಅದೇ ಮಾತ್ರೆಗೆ ಬೆಲೆ ಬಹಳ ಕಡಿಮೆ ಇರುತ್ತದೆ.

ಹೆಜ್ಜೆ 7: ಎರಡನೇ ಸಲ

ಇಲ್ಲೇ ಹೆಚ್ಚು ಜನ ಕಳೆದುಹೋಗುತ್ತಾರೆ. ಯಾಕೆ ಅಂತ ನೋಡಿ. ಖಿನ್ನತೆಗೆ ಕೊಡುವ ಮಾತ್ರೆ ಗುಣ ತೋರಿಸಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು. ಆದರೆ ಹೊಟ್ಟೆ ತೊಳಸುವುದು, ಬಾಯಿ ಒಣಗುವುದು, ತೂಕಡಿಕೆ ಮೊದಲ ದಿನಗಳಲ್ಲೇ ಶುರು. ಅಂದರೆ ಮೊದಲ ಹದಿನೈದು ದಿನ ತೊಂದರೆ ಮಾತ್ರ ಕಾಣುತ್ತದೆ, ಲಾಭ ಕಾಣುವುದಿಲ್ಲ. ಪಕ್ಕದ ಮನೆಯವರು ‘ಇವೆಲ್ಲ ನಿದ್ದೆ ಮಾತ್ರೆ, ಅಭ್ಯಾಸ ಆಗಿಬಿಡುತ್ತೆ’ ಅನ್ನುತ್ತಾರೆ. ಮಾತ್ರೆ ಅಟ್ಟ ಸೇರುತ್ತದೆ.

ಇದಕ್ಕೆ ಉಪಾಯ ಮೊದಲ ದಿನವೇ ಮಾಡಬೇಕು. ‘ಮೊದಲ ಎರಡು ವಾರ ಸ್ವಲ್ಪ ಕಿರಿಕಿರಿ ಇರುತ್ತಂತೆ, ಆಮೇಲೆ ತಿಳಿಯಾಗುತ್ತಂತೆ’ ಅಂತ ಮನೆಯಲ್ಲಿ ಎಲ್ಲರಿಗೂ ಹೇಳಿಡಿ. ಅಭ್ಯಾಸದ ಹೆದರಿಕೆ ಇದ್ದರೆ ಡಾಕ್ಟರನ್ನೇ ಕೇಳಿ. ಖಿನ್ನತೆಯ ಮಾತ್ರೆಗಳಿಗೆ ಚಟ ಹತ್ತುವುದಿಲ್ಲ. ನಿದ್ದೆಗೆ, ಆತಂಕಕ್ಕೆ ಅಂತ ಕೊಡುವ ಕೆಲವು ಮಾತ್ರೆಗಳಿಗೆ ಹತ್ತಬಹುದು, ಅದಕ್ಕೇ ಅವನ್ನು ಸ್ವಲ್ಪ ದಿನಕ್ಕೆ ಮಾತ್ರ ಬರೆಯುತ್ತಾರೆ. ತೊಂದರೆ ತಡೆಯಲಾಗದಿದ್ದರೆ ಹೇಳಿ, ಬದಲಾಯಿಸುತ್ತಾರೆ. ಕತ್ತು, ನಾಲಿಗೆ ಬಿಗಿಯುವುದು, ಮೈಮೇಲೆ ದದ್ದು ಏಳುವುದು, ಸಾಯುವ ಮಾತು ಜಾಸ್ತಿಯಾಗುವುದು ಕಂಡರೆ ಅವತ್ತೇ ಹೋಗಿ. ನೀವಾಗಿ ನಿಲ್ಲಿಸಬೇಡಿ.

ಇನ್ನೊಂದು ಅಪಾಯ ಹುಷಾರಾದ ಮೇಲೆ ಬರುತ್ತದೆ. ಅಂಗಡಿ ಬಾಗಿಲು ತೆಗೆದ, ನಗುತ್ತಿದ್ದಾನೆ, ಇನ್ನು ಮಾತ್ರೆ ಯಾಕೆ? ಖಿನ್ನತೆಯಲ್ಲಿ ಪೂರ್ತಿ ಹುಷಾರಾದ ಮೇಲೂ ಇನ್ನೂ ಕನಿಷ್ಠ ಆರು ತಿಂಗಳು ಮುಂದುವರಿಸಲು ಹೇಳುವುದು ವಾಡಿಕೆ. ಸ್ಕಿಜೋಫ್ರೇನಿಯಾ, ಬೈಪೋಲಾರ್‌ನಂಥ ಕಾಯಿಲೆ ಇದ್ದರೆ ಇನ್ನೂ ಉದ್ದ. ಮಧ್ಯೆ ಬಿಟ್ಟರೆ ಕಾಯಿಲೆ ಮರಳಬಹುದು. ‘ಆಗಲೂ ಮಾತ್ರೆ ತಗೊಂಡ್ರು, ಏನೂ ಆಗಲಿಲ್ಲ’ ಅನ್ನುವ ಮಾತು ಹುಟ್ಟುವುದು ಇಲ್ಲಿಂದಲೇ.

ಈ ಕೆಲಸಗಳನ್ನು ಸುಮ್ನೆ ರೂಢಿ ಮಾಡಿಕೊಳ್ಳಿ. ಮುಂದಿನ ತಾರೀಖನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಮಾತ್ರೆ ಮುಗಿಯಲು ಐದು ದಿನ ಇರುವಾಗ ಇನ್ನೊಂದು ಗುರುತು. ಜೊತೆಗೆ ಹೋಗಲು ಇಬ್ಬರಿರಲಿ, ಒಂದು ತಿಂಗಳು ಅಕ್ಕ, ಇನ್ನೊಂದು ತಿಂಗಳು ಮಾವ. ಒಬ್ಬರ ಮೇಲೇ ಬಿದ್ದರೆ ಅವರ ಕೂಲಿ, ಅವರ ತಾಳ್ಮೆ ಎರಡೂ ಮುಗಿಯುತ್ತದೆ. ಚೀಟಿ, ಸ್ಟ್ರಿಪ್ಪಿನ ಫೋಟೋ ಫೋನಿನಲ್ಲಿಡಿ. ಡಾಕ್ಟರು ರಜೆಯಲ್ಲಿದ್ದರೆ ಆ ಫೋಟೋ ತೋರಿಸಿ ಬೇರೆ ಸರ್ಕಾರಿ ಡಾಕ್ಟರ ಹತ್ತಿರ ಕೆಲವು ದಿನದ ಮಾತ್ರೆ ಕೇಳಬಹುದು.

ಅಡ್ಮಿಟ್ ಮಾಡಬೇಕು ಅಂದರೆ

ಎಲ್ಲರಿಗೂ ಅದು ಬೇಕಾಗುವುದಿಲ್ಲ. ಬೇಕಾದರೂ ಮೊದಲ ದಾರಿ ಅವರೇ ಒಪ್ಪಿ ಸೇರುವುದು. ಹಾಗೆ ಸೇರಿದವರು ಮನೆಗೆ ಹೋಗುತ್ತೇನೆ ಅಂತ ಕೇಳಬಹುದು. ತೀರ್ಮಾನ ಮಾಡುವ ಸ್ಥಿತಿಯಲ್ಲಿ ಇಲ್ಲದಿದ್ದಾಗ ಅವರ ನಾಮನಿರ್ದೇಶಿತ ಪ್ರತಿನಿಧಿಯ ಅರ್ಜಿಯ ಮೇಲೆ, ಒಬ್ಬ ಮನೋವೈದ್ಯರು ಮತ್ತು ಇನ್ನೊಬ್ಬ ತಜ್ಞರು ಅಥವಾ ವೈದ್ಯರು ಪರೀಕ್ಷಿಸಿದ ಮೇಲೆ ಸೇರಿಸಿಕೊಳ್ಳುತ್ತಾರೆ. ಅದಕ್ಕೂ ಮೊದಲ ಮಿತಿ 30 ದಿನ.

ಆ ಪ್ರತಿನಿಧಿ ಯಾರು ಅನ್ನೋದನ್ನು ಹುಷಾರಾಗಿರುವಾಗಲೇ ಅವರು ತೀರ್ಮಾನಿಸಬಹುದು. ಸ್ಟಾಂಪ್ ಪೇಪರ್ ಬೇಡ, ವಕೀಲರು ಬೇಡ. ಬಿಳಿ ಹಾಳೆಯಲ್ಲಿ ‘ನನ್ನ ಪ್ರತಿನಿಧಿ ನನ್ನ ಅಕ್ಕ’ ಅಂತ ಬರೆದು ಸಹಿಯೋ ಹೆಬ್ಬೆಟ್ಟೋ ಹಾಕಿದರೆ ಸಾಕು. ಮನೆಯೊಳಗೇ ಮನಸ್ತಾಪ ಇರುವ ಕಡೆ ಈ ಒಂದು ಹಾಳೆಗೆ ಬಹಳ ಬೆಲೆ ಇದೆ. ಕರೆಂಟ್ ಕೊಡ್ತಾರೆ ಅನ್ನುವ ಹೆದರಿಕೆಗೂ ಒಂದು ಮಾತು: ಅರಿವಳಿಕೆ ಕೊಡದೆ ಆ ಚಿಕಿತ್ಸೆ ಮಾಡುವುದನ್ನು ಕಾನೂನೇ ನಿಷೇಧಿಸಿದೆ.

ದುಡ್ಡು, ಕಾಗದ

ಬಡತನ ರೇಖೆಗಿಂತ ಕೆಳಗಿರುವವರಿಗೆ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಗಳಲ್ಲಿ ಚಿಕಿತ್ಸೆ ಉಚಿತವಾಗಿ ಸಿಗಬೇಕು. ಇದು 2017ರ ಕಾಯ್ದೆಯಲ್ಲಿರುವ ಹಕ್ಕು. ಆರೋಗ್ಯ ವಿಮೆ ಇರುವವರು ಪಾಲಿಸಿ ತೆಗೆದು ನೋಡಿ. ಮೈಯ ಕಾಯಿಲೆಗೆ ಇರುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು ಅಂತ ಅದೇ ಕಾಯ್ದೆ ಹೇಳುತ್ತದೆ. ಆದರೆ ಹೆಚ್ಚಿನ ಪಾಲಿಸಿಗಳು ದುಡ್ಡು ಕೊಡುವುದು ಅಡ್ಮಿಟ್ ಆದಾಗ ಮಾತ್ರ. ಹೊರರೋಗಿ ಫೀಸು, ಕೌನ್ಸೆಲಿಂಗ್ ಖರ್ಚು ನಿಮ್ಮ ಕೈಯಿಂದಲೇ. ಪ್ರಸ್ತಾವದ ಅರ್ಜಿಯಲ್ಲಿ ಹಿಂದಿನ ಕಾಯಿಲೆ ಮುಚ್ಚಿಟ್ಟರೆ ಕ್ಲೇಮ್ ತಿರಸ್ಕಾರ ಆಗಬಹುದು, ಬರೆದುಬಿಡಿ.

ಕಾಯಿಲೆ ವರ್ಷಗಟ್ಟಲೆ ಉಳಿದು ದುಡಿಮೆ ನಿಂತಿದ್ದರೆ ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ ಪಟ್ಟಿಯಲ್ಲಿ ಮಾನಸಿಕ ಕಾಯಿಲೆಯೂ ಇದೆ. ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಚೀಟಿಯ ಜಾಲತಾಣದಲ್ಲಿ ಅರ್ಜಿ, ಆಮೇಲೆ ಜಿಲ್ಲಾಸ್ಪತ್ರೆಯಲ್ಲಿ ಪರೀಕ್ಷೆ. ಅಂಗವೈಕಲ್ಯ ಶೇ. 40 ಅಥವಾ ಅದಕ್ಕಿಂತ ಜಾಸ್ತಿ ಅಂತ ಬಂದರೆ ಪಿಂಚಣಿ, ಇತರ ಸೌಲಭ್ಯಗಳಿಗೆ ದಾರಿಯಾಗುತ್ತದೆ. ಹಳೇ ಚೀಟಿಗಳು ಇಲ್ಲಿ ಬೇಕಾಗುತ್ತವೆ, ಒಂದನ್ನೂ ಎಸೆಯಬೇಡಿ. ಕಳೆದುಹೋಗಿದ್ದರೆ ಆಸ್ಪತ್ರೆಯಲ್ಲಿ ದಾಖಲೆಯ ಪ್ರತಿ ಕೇಳಿ. ಕೇಳುವುದು ರೋಗಿಯ ಹಕ್ಕು.

ಎಲ್ಲಾದರೂ ಚಿಕಿತ್ಸೆ ನಿರಾಕರಿಸಿದರೆ, ಬಲವಂತವಾಗಿ ಕೂಡಿಹಾಕಿದರೆ, ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ವಕೀಲರನ್ನು ಉಚಿತವಾಗಿ ಕೊಡುತ್ತಾರೆ. ಫೋನ್ 15100.